ಸದ್ದಿಲ್ಲದ ಬ್ರೇಕು

ವಿಶ್ವವಿದ್ಯಾಲಯದಲ್ಲಿ ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಉಳಿದೆಲ್ಲ ಕಡೆ ಅವರು ಕೈಕಟ್ಟು ಮೇಷ್ಟ್ರು. ಯಂತ್ರಶಾಸ್ತ್ರ ಕಲಿಸುವ ಈ ಮನುಷ್ಯ ವಿದ್ಯಾರ್ಥಿಗಳ ಕೈಗೆ ಸ್ಪ್ಯಾನರ್ ಕೊಟ್ಟು, ತಾವು ಎರಡೂ ಕೈ ಬೆನ್ನ ಹಿಂದೆ ಹೆಣೆದು ನಿಂತುಬಿಡುತ್ತಿದ್ದರು. ನಟ್ಟು ಅಡ್ಡ ಕೂರಲಿ, ಕಬ್ಬಿಣ ಬಾಗಲಿ, ಆ ಕೈ ಬಿಚ್ಚಿದ್ದನ್ನು ಕಂಡವರಿಲ್ಲ. ತಪ್ಪು ಮಾಡದೆ ಕಲಿತದ್ದು ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ಸಿದ್ಧಾಂತ. "ಪಾತ್ರೆ ತೊಳೆಯೋ ವಿಷಯದಲ್ಲೂ ನಿಮ್ದು ಅದೇ ಸಿದ್ಧಾಂತ" ಎಂದು ಹೆಂಡತಿ ಹೇಳುತ್ತಿದ್ದರು.

ವಿಶ್ವವಿದ್ಯಾಲಯದಲ್ಲಿ ‘ಮಾಡಿ ಕಲಿ’ ಎಂಬ ಒಂದು ನಿಧಿ ಇತ್ತು. ಅಧ್ಯಾಪಕರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಿಜವಾದ ಕೆಲಸವೊಂದನ್ನು ಕೈಗೆತ್ತಿಕೊಂಡರೆ ಅರ್ಧ ಹಣ ಮೊದಲು, ಕೆಲಸವನ್ನು ಸಮಿತಿ ಕಣ್ಣಾರೆ ಕಂಡ ಮೇಲೆ ಇನ್ನರ್ಧ. ಸಮಿತಿ ಎಂಬ ಪದ ಕೇಳಿದ ಕೂಡಲೇ ಬಹಳಷ್ಟು ಅಧ್ಯಾಪಕರಿಗೆ ಸೀಮೆಸುಣ್ಣದ ಮೇಲೆ ಪ್ರೀತಿ ಮರುಕಳಿಸುತ್ತಿತ್ತು. ಮೇಷ್ಟ್ರಿಗೆ ಮಾತ್ರ ಅಷ್ಟು ಬುದ್ಧಿ ಇರಲಿಲ್ಲ.

ಈ ಸಲದ ಕೆಲಸ ಗ್ರಂಥಾಲಯದ ಲಿಫ್ಟು. ಗ್ರಂಥಾಲಯ ಇದ್ದದ್ದು ಮೊದಲ ಮಹಡಿಯಲ್ಲಿ, ಅದಕ್ಕೆ ದಾರಿ ಕಡಿದಾದ ಮೆಟ್ಟಿಲು. ತಂಡದ ಮುಖ್ಯಸ್ಥೆಯಾದ ಹುಡುಗಿ ಓಡಾಡುತ್ತಿದ್ದದ್ದು ಗಾಲಿಕುರ್ಚಿಯಲ್ಲಿ. ಎಲ್ಲರೂ ಅವಳನ್ನು ಕ್ಯಾಪ್ಟನ್ ಎನ್ನುತ್ತಿದ್ದರು, ಅರ್ಧ ಗೌರವದಿಂದ, ಅರ್ಧ ಭಯದಿಂದ. "ಸೇರಿದಾಗಿನಿಂದ ಬೇರೆಯವರು ಆರಿಸಿ ತಂದ ಪುಸ್ತಕ ಓದಿ ಸಾಕಾಗಿದೆ ಸರ್" ಎಂದು ಅವಳೇ ಈ ಯೋಜನೆ ತಂದಿದ್ದಳು. ಹಿಂದಿನ ಗೋಡೆಗೆ ಕಬ್ಬಿಣದ ಪಂಜರ, ಉಕ್ಕಿನ ಹಗ್ಗ, ಹಗ್ಗ ಸುತ್ತುವ ಡ್ರಮ್ಮು, ತಿರುಗಿಸಲು ಹಿಡಿ. ಹಿಡಿ ಬಿಟ್ಟರೆ ಬ್ರೇಕಿನ ಪಟ್ಟಿಗಳು ಡ್ರಮ್ಮನ್ನು ತಬ್ಬಿ ಹಿಡಿಯಬೇಕು. ಸಮಿತಿ ಒಪ್ಪಿದರೆ ಉಳಿದ ಹಣದಲ್ಲಿ ಮೋಟಾರು ಬರುತ್ತದೆ, ಲಿಫ್ಟು ಅಲ್ಲೇ ನಿಲ್ಲುತ್ತದೆ. ಒಪ್ಪದಿದ್ದರೆ ಇಡೀ ಪಂಜರ ಗುಜರಿಗೆ. ಕ್ಯಾಪ್ಟನ್‌ಗೆ ಇದು ಕೊನೆಯ ವರ್ಷ.

ಸಮಿತಿ ಬಂತು. ಮುಂದೆ ಡೀನ್, ಹಿಂದೆ ಲೆಕ್ಕಾಧಿಕಾರಿ. ಡೀನ್ ಪಂಜರವನ್ನು ಮೇಲಿನಿಂದ ಕೆಳಗೆ ನೋಡಿ, "ಏನ್ ಮೇಷ್ಟ್ರೇ, ಮನುಷ್ಯರನ್ನೇ ಹತ್ತಿಸ್ತೀರಾ ಇದಕ್ಕೆ?" ಎಂದರು.

"ನಾನೇ ಹತ್ತೋದು ಸರ್" ಎಂದ ಕ್ಯಾಪ್ಟನ್ ಕುರ್ಚಿ ಉರುಳಿಸಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಹಿಡಿಯ ಬಳಿ ಇಬ್ಬರು ಹುಡುಗರು, ಒಬ್ಬ ಉದ್ದ, ಒಬ್ಬ ಕುಳ್ಳ. ತಿರುಗಿಸತೊಡಗಿದರು. ಪಂಜರ ನೆಲ ಬಿಟ್ಟಿತು. ಮೇಷ್ಟ್ರು ಎಂದಿನಂತೆ ಕೈ ಹಿಂದೆ ಕಟ್ಟಿ ನಿಂತರು. ಎಷ್ಟು ನಯವಾಗಿ ಏರುತ್ತಿದೆ ಎಂದುಕೊಂಡರು. ಎದೆ ಸ್ವಲ್ಪ ಉಬ್ಬಿತು ಕೂಡ.

ಆಮೇಲೆ ಉಬ್ಬಿದ ಎದೆ ಧಸಕ್ಕೆಂದಿತು. ಇದು ನಯವಾಗಿ ಏರುವ ಲಿಫ್ಟೇ ಅಲ್ಲ. ನಿನ್ನೆಯವರೆಗೂ ಬ್ರೇಕು ಡ್ರಮ್ಮಿಗೆ ಉಜ್ಜಿ ಕಿರುಚುತ್ತಿತ್ತು. ಗ್ರಂಥಾಲಯದಲ್ಲಿ ನಿದ್ದೆ ಮಾಡುತ್ತಿದ್ದವರೂ ಎದ್ದು ಕಿಟಕಿಗೆ ಬರುತ್ತಿದ್ದರು. ಇವತ್ತು ಉಸಿರೇ ಇಲ್ಲ. ಬಗ್ಗಿ ನೋಡಿದರು. ಡ್ರಮ್ಮಿನ ಅಂಚು ಎಣ್ಣೆ ಹಚ್ಚಿದ ತಲೆಯ ಹಾಗೆ ಮಿರಮಿರ ಮಿಂಚುತ್ತಿತ್ತು.

ಪಂಜರ ಅರ್ಧ ಗೋಡೆ ದಾಟಿತ್ತು. "ಈಗ ನೋಡಿ ಸರ್, ಹಿಡಿ ಬಿಡ್ತಾರೆ, ಲಿಫ್ಟ್ ಇದ್ದಲ್ಲೇ ನಿಲ್ಲತ್ತೆ" ಎಂದು ಕ್ಯಾಪ್ಟನ್ ಮೇಲಿನಿಂದ ಡೀನ್‌ಗೆ ವಿವರಿಸಿದಳು. ಉದ್ದನೆಯವನು ಆಗಲೇ ಒಂದು ಕೈ ತೆಗೆದಿದ್ದ.

ಮೇಷ್ಟ್ರಿಗೆ ತಮ್ಮ ಕೈ ಯಾವಾಗ ಬಿಚ್ಚಿತು ಎಂಬುದೇ ತಿಳಿಯಲಿಲ್ಲ. ಹುಡುಗರ ಕೈಗಳ ಮೇಲೆಯೇ ಹಿಡಿಯನ್ನು ಅದುಮಿ ಹಿಡಿದಿದ್ದರು.

"ಬಿಡಬೇಡ್ರೋ."

"ಯಾಕ್ ಸರ್, ನಿಲ್ಲತ್ತೆ. ಬೆಳಿಗ್ಗೆ ಖಾಲಿ ಪಂಜರ ನಿಲ್ಲಿಸಿ ನೋಡಿದೀವಿ."

"ಈಗ ಖಾಲಿ ಅಲ್ಲ ಕಣೋ, ಒಳಗೆ ಅವಳಿದಾಳೆ. ಇಳಿಸು. ಮೆಲ್ಲಗೆ."

ಮೂವರೂ ಹಿಡಿಯನ್ನು ಒಂದೊಂದೇ ಸುತ್ತು ಹಿಂದಕ್ಕೆ ತಿರುಗಿಸಿ ಇಳಿಸಿದರು. ಭಾರವೆಲ್ಲ ತೋಳಿನ ಮೇಲಿತ್ತು. ಒಮ್ಮೆ ಕುಳ್ಳನ ಅಂಗೈ ಜಾರಿ ಪಂಜರ ಗಕ್ಕನೆ ಕುಸಿಯಿತು. ಮೇಲೆ ಕುರ್ಚಿಯ ಚಕ್ರ ಕಬ್ಬಿಣಕ್ಕೆ ಬಡಿದ ಸದ್ದು. ಪಂಜರ ನೆಲ ಮುಟ್ಟಿದಾಗ ಮೇಷ್ಟ್ರು ಡ್ರಮ್ಮಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

"ನಿಲ್ಲತ್ತೆ ಅಂದ್ರಲ್ಲ?" ಎಂದರು ಡೀನ್.

ಹಗ್ಗ ಸಿಕ್ಕಿಕೊಂಡಿತು ಎನ್ನಬಹುದಿತ್ತು. ಲೆಕ್ಕಾಧಿಕಾರಿ ಅದನ್ನೇ ನಂಬುತ್ತಿದ್ದರು. ಅವರು ನೋಡುತ್ತಿದ್ದದ್ದು ಗಡಿಯಾರವನ್ನು. ಮೇಷ್ಟ್ರು ಹಾಗೆನ್ನಲಿಲ್ಲ.

"ಇವತ್ತು ನಿಲ್ಲಲ್ಲ ಸರ್. ಬ್ರೇಕಿಗೆ ಯಾರೋ ಎಣ್ಣೆ ಬಿಟ್ಟಿದಾರೆ."

"ನಾನೇ ಬಿಡಿಸಿದ್ದು" ಎಂದಳು ಕ್ಯಾಪ್ಟನ್. ಚಿಲಕ ತೆಗೆದು ಹೊರಗೆ ಬಂದಳು. "ಇವರನ್ನ ಬೈಬೇಡಿ. ಲಿಫ್ಟ್ ಏರೋವಾಗೆಲ್ಲ ಬ್ರೇಕು ಕಿರುಚತ್ತೆ, ಊರೆಲ್ಲ ತಿರುಗಿ ನೋಡತ್ತೆ. ನಾನೂ ಎಲ್ಲರ ಹಾಗೆ ಸದ್ದಿಲ್ಲದೆ ಮೇಲೆ ಹೋಗೋಣ ಅನ್ನಿಸ್ತು."

ಡೀನ್, "ನಡೆಯದೆ ಇರೋದನ್ನ ನಡೀತು ಅಂತ ನಾನು ಬರೆಯೋಕಾಗಲ್ಲಮ್ಮ. ನಾಳೆ ಬರ್ತೀನಿ. ನಾಳೆ ಇಲ್ಲದಿದ್ರೆ ಇಲ್ಲ" ಎಂದು ಹೊರಟರು.

ಮೇಷ್ಟ್ರ ಸಿಟ್ಟು ಆಗ ನೆತ್ತಿಗೇರಿತು. "ನನಗೊಂದು ಮಾತು ಹೇಳಬಾರದಿತ್ತಾ?"

"ನೀವು ಅಲ್ಲೇ ಇದ್ರಲ್ಲ ಸರ್, ಹಿಂದೆ ಕೈ ಕಟ್ಕೊಂಡು. ಕುಳ್ಳ ಎಣ್ಣೆ ಡಬ್ಬಿ ತಂದಾಗ ನೋಡಿ ತಲೆ ಅಲ್ಲಾಡಿಸಿದ್ರಿ. ಸರಿ ಅಂತ ಅಂದ್ಕೊಂಡ್ವಿ" ಎಂದಳು ಕ್ಯಾಪ್ಟನ್.

ಮೇಷ್ಟ್ರಿಗೆ ಡಬ್ಬಿಯೂ ನೆನಪಾಗಲಿಲ್ಲ, ತಲೆಯೂ ನೆನಪಾಗಲಿಲ್ಲ. ಬಹುಶಃ ಆಗ ಸಿದ್ಧಾಂತದ ಬಗ್ಗೆ ಯೋಚಿಸುತ್ತಿದ್ದರು.

ಪಟ್ಟಿಗಳು ಎಣ್ಣೆ ಕುಡಿದು ಕೆಟ್ಟಿದ್ದವು. ಹೊಸದಕ್ಕೆ ಹಣ ಬೇಕು. ಹಣ ಬರಬೇಕಾದರೆ ಬ್ರೇಕು ಹಿಡಿಯಬೇಕು. ಈ ವೃತ್ತದಿಂದ ಹೊರಬರುವ ದಾರಿ ಯಾವ ಪುಸ್ತಕದಲ್ಲೂ ಇರಲಿಲ್ಲ, ಸೈಕಲ್ ನಿಲ್ದಾಣದಲ್ಲಿತ್ತು. ಮೇಷ್ಟ್ರ ಸ್ಕೂಟರಿನ ಹಿಂಚಕ್ರ ಬಿಚ್ಚಿ ಹುಡುಗರು ಅದರ ಬ್ರೇಕಿನ ಪಟ್ಟಿ ತೆಗೆದು, ಡ್ರಮ್ಮಿನ ಎಣ್ಣೆ ಒರೆಸಿ, ಲಿಫ್ಟಿಗೆ ಕೂರಿಸಿದರು. ಈ ಬಾರಿ ಮೇಷ್ಟ್ರು ಪಕ್ಕದಲ್ಲೇ ಕೂತು ಪ್ರತಿ ತಿರುಪಿಗೂ "ಯಾಕೆ?" ಎಂದು ಕೇಳಿದರು. "ಸರ್, ನೀವು ಸುಮ್ನೆ ನಿಂತಾಗಲೇ ವಾಸಿ ಇತ್ತು" ಎಂದ ಕುಳ್ಳ. ಮರಳಿನ ಚೀಲ ಏರಿಸಿ, ಹಿಡಿ ಬಿಟ್ಟು, ಅದು ಅಲುಗದೆ ನಿಂತ ಮೇಲೆಯೇ ಅವರು ಬೆವರು ಒರೆಸಿಕೊಂಡು ನಡೆದೇ ಮನೆಗೆ ಹೋದರು.

ಮರುದಿನ ಡೀನ್ ಬಂದರು. ಪಂಜರ ಅರ್ಧ ಗೋಡೆ ಏರಿತು. ಹುಡುಗರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಮೇಲೆ ಕ್ಯಾಪ್ಟನ್ನಿನ ಮುಖ ನೋಡಿದರು. "ಬಿಡಿ" ಎಂದಳು ಅವಳು.

ಬಿಟ್ಟರು. ಪಂಜರ ನಿಂತಿತು. ಡೀನ್ ಮನಸ್ಸಿನಲ್ಲೇ ಏನೋ ಎಣಿಸುತ್ತಿದ್ದಂತೆ ತುಟಿ ಆಡಿಸಿದರು. ಆಗಲೂ ನಿಂತೇ ಇತ್ತು.

"ಸಾಕು, ಇಳಿಸಿ. ರುಜು ಹಾಕಿ ಹೋಗ್ತೀನಿ" ಎಂದರು.

"ಇಳಿಸಬೇಡ್ರೋ, ಏರಿಸಿ" ಎಂಬ ದನಿ ಮೇಲಿನಿಂದ ಬಂತು. ಹುಡುಗರು ಏರಿಸಿದರು. ಪಂಜರದ ಬಾಗಿಲು ತೆರೆದ ಸದ್ದು, ಆಮೇಲೆ ಕುರ್ಚಿಯ ಚಕ್ರಗಳು ಮರದ ನೆಲದ ಮೇಲೆ ಉರುಳಿ ದೂರವಾದ ಸದ್ದು.

ಬಹಳ ಹೊತ್ತಾಯಿತು. ಅವಳ ರುಜುವೂ ಬೇಕಿತ್ತು. ಲೆಕ್ಕಾಧಿಕಾರಿ ಕಾಲು ಬದಲಿಸಿ ನಿಂತರು.

"ಆ ಹುಡುಗಿ ಕೆಳಗೆ ಬರೋದು ಯಾವಾಗ?" ಎಂದರು ಡೀನ್.

ಉದ್ದನೆಯವನು ಕಿಟಕಿಯತ್ತ ಕತ್ತು ಚಾಚಿ ನೋಡಿದ. "ಇನ್ನೂ ಮೊದಲನೇ ಕಪಾಟಿನ ಹತ್ರಾನೇ ಇದಾಳೆ ಸರ್."