ಒಂದು ವರ್ಷ ಹಾಳಾಯಿತಂತೆ!

ಮೊನ್ನೆ ಮಂಗಳವಾರ ಮೇಲವಂಕಿಯ ತನ್ನ ಮನೆಯಲ್ಲಿ ನನ್ನ ಗೆಳೆಯ ಲಕ್ಕಪ್ಪ ಪೆನ್ನಿನ ಟೋಪಿ ತೆಗೆದಿದ್ದ. ಅಕ್ಟೋಬರ್ ಪರೀಕ್ಷೆಯ ಫಾರ್ಮು ಎದುರಿಗಿತ್ತು. ಇನ್ನೇನು ಸಹಿ ಬೀಳಬೇಕು, ಅವನ ಕಾಕಾ ಬಾಳಪ್ಪ ಒಳಗೆ ಬಂದರು.

"ಏನೋ ಲಕ್ಕ, ನಿನ್ನ ವಾರಿಗಿ ಹುಡುಗ್ರೆಲ್ಲ ಮುಂದ ಹ್ವಾದ್ರಲ್ಲೋ! ಒಂದ್ ವರ್ಷ ಹಾಳ ಮಾಡ್ಕೊಂಡಿ ನೋಡು."

ಲಕ್ಕಪ್ಪ ಪೆನ್ನು ಕೆಳಗಿಟ್ಟ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಹಗಲು ಹನ್ನೊಂದು ಗಂಟೆಗೆ!

ಆ ಒಂದು ಸಹಿಗಾಗಿ ನಾನು ಗೋಕಾಕದಿಂದ ಮೂರು ಸಲ ಸೈಕಲ್ ತುಳಿದಿದ್ದೆ. ಲಕ್ಕಪ್ಪ ಧಾರವಾಡದಲ್ಲಿ ಬಿ.ಎ. ಓದುವ ಹುಡುಗ. ಕುರಿ ಕಾಯುವ ಮನೆತನದಿಂದ ಕಾಲೇಜಿಗೆ ಹೋದ ಮೊದಲನೆಯವನು. ಒಂದು ವಿಷಯದಲ್ಲಿ ನಪಾಸಾದ. (ಒಂದೇ ಒಂದು! ಅದೂ ಇಂಗ್ಲಿಷು.) ಅಂದಿನಿಂದ ಊಟ ಸರಿಯಿಲ್ಲ, ಮಾತಿಲ್ಲ, ಮಂದಿ ಇರುವ ಕಡೆ ಸುಳಿಯುವುದಿಲ್ಲ. ಫಾರ್ಮಿಗೆ ಶನಿವಾರವೇ ಕಡೆಯ ದಿನ. ತುಂಬದಿದ್ದರೆ ಅವನು ಮತ್ತೆ ಕಾಲೇಜಿನ ಕಡೆ ತಲೆ ಹಾಕುವುದಿಲ್ಲ, ಅದು ನನಗೆ ಗೊತ್ತು.

ನಾನು ಕಾಲೇಜು ಕಂಡವನಲ್ಲ. ವಾಚನಾಲಯದಲ್ಲಿ ಕೂತು ಅಷ್ಟಿಷ್ಟು ಓದಿಕೊಂಡವನು. ಆದರೂ ಕೇಳುತ್ತೇನೆ: ಕಾಲು ಮುರಿದವನ ಮುಂದೆ ನಿಂತು 'ಉಳಿದವರೆಲ್ಲ ಓಡಿದರು ನೋಡು' ಅನ್ನುತ್ತೀರಾ? ಮನಸ್ಸು ಮುರಿದವನಿಗೆ ಮಾತ್ರ ಯಾಕೆ ಅನ್ನುತ್ತೀರಿ?

(ನಾನೂ ಸಾಚಾ ಅಲ್ಲ. ಪೇಪರಿನಲ್ಲಿ ಬಂದ ಫಲಿತಾಂಶದಲ್ಲಿ ಅವನ ನಂಬರ್ ಕಾಣದಾಗ ನನ್ನ ಬಾಯಿಂದ ಬಂದ ಮೊದಲ ಮಾತೂ 'ಒಂದು ವರ್ಷ ಹಾಳಾಯಿತಲ್ಲೋ' ಎಂಬುದೇ. ಈಗಲೂ ನಾಚಿಕೆಯಾಗುತ್ತದೆ.)

ಅಲ್ಲೇ ಜೋಳ ಹಸನು ಮಾಡುತ್ತಿದ್ದ ಲಕ್ಕಪ್ಪನ ಅವ್ವ ಮೊರ ಕುಕ್ಕಿದರು.

"ಅಲ್ಲೋ ಬಾಳಪ್ಪ, ನೀ ಬಾವಿ ತೋಡಸಾಕ ಮೂರ ವರ್ಷ ಹಿಡದಿ. ಮದಲನೇ ವರ್ಷ ಬರೇ ಕಲ್ಲ ಬಂತು. ಆವಾಗ ಯಾರರ ನಿನಗ ವರ್ಷ ಹಾಳಾತು ಅಂದ್ರೇನು? ದಿನಾ ಬುತ್ತಿ ಹೊತ್ಕೊಂಡ ಬಂದಾಕಿ ನಾನ ಅದೇನಿ!"

"ಅದು ಬ್ಯಾರೆ ವೈನಿ. ಇದು ಸಾಲಿ."

"ಏನ್ ಬ್ಯಾರೆ? ಅಲ್ಲಿ ಕಲ್ಲ ಅಡ್ಡ ಬಂತು, ಇಲ್ಲಿ ಇಂಗ್ಲಿಷ್ ಅಡ್ಡ ಬಂತು. ನಡಿ, ಮದಲ ಹೊರಗ ನಡಿ!"

ಕಾಕಾ ಗೊಣಗುತ್ತ ಹೋದರು. ಎಷ್ಟೋ ಹೊತ್ತಿನ ಮೇಲೆ ಲಕ್ಕಪ್ಪ ಎದ್ದ, ಸಹಿ ಹಾಕಿದ. ಫಾರ್ಮನ್ನು ನನ್ನ ಕೈಗೆ ಕೊಡುತ್ತ ಮೆಲ್ಲಗೆ ಕೇಳಿದ:

"ಅಕ್ಟೋಬರದಾಗೂ ನಪಾಸಾದ್ರ ಮಂದಿ ಏನಂತಾರಲೇ?"

ಫಾರ್ಮು ಕಳಿಸಿದ್ದೇನೆ. ಆದರೆ ಈ ಪ್ರಶ್ನೆಗೆ ಉತ್ತರ ಬರೆಯಬೇಕಾದವರು ಯಾರು, ಅವನೋ, ನಾವೋ?