ಗಾಡಿ ಭಾವನ ಎರಡು ನಿಮಿಷ

ನನ್ನ ಭಾವ ಸಸ್ಯೋದ್ಯಾನದಲ್ಲಿ ಬ್ಯಾಟರಿ ಗಾಡಿ ಓಡಿಸುತ್ತಾರೆ. ನಡೆಯಲಾರದವರನ್ನೂ ನಡೆಯಲು ಮೈಗಳ್ಳತನ ಮಾಡುವವರನ್ನೂ ಕೂರಿಸಿಕೊಂಡು, ಅಷ್ಟು ದೊಡ್ಡ ತೋಟವನ್ನು ಒಂದು ಸುತ್ತು ಹಾಕಿಸಿ, ಹತ್ತಿದ ಗೇಟಿನಲ್ಲೇ ತಂದು ಇಳಿಸುವುದು ಅವರ ಕೆಲಸ. ಕೈ ಸ್ಟೀರಿಂಗಿನ ಮೇಲೆ, ಬಾಯಿ ಮೈಕಿನ ಮುಂದೆ. "ಎಡಗಡೆ ಬಿದಿರು, ಬಲಗಡೆ ಕೊಳ, ಕೈ ಹೊರಗೆ ಚಾಚಬೇಡಿ." ಮನೆಯಲ್ಲಿ ಊಟಕ್ಕೆ ಕೂತರೂ "ಎಡಗಡೆ ಉಪ್ಪು, ಬಲಗಡೆ ನೀರು" ಎಂದು ನನ್ನನ್ನು ನಗಿಸಲು ನೋಡುತ್ತಾರೆ. ನಾನು ನಗುವುದಿಲ್ಲ. ನಾದಿನಿಯಾದವಳಿಗೆ ಅಷ್ಟಾದರೂ ಬಿಗುಮಾನ ಬೇಡವೇ?

ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ನಾನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಸುಕ್ಕು ಕಂಡರೆ ನನಗಾಗದು, ಬಟ್ಟೆಯಲ್ಲಾದರೂ ಸರಿ, ಮನುಷ್ಯರಲ್ಲಾದರೂ ಸರಿ. ಅಕ್ಕ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಅದನ್ನು ತುಳಿದು ತುಳಿದು ಅವಳ ಬಲಮಂಡಿ ಸವೆದುಹೋಗಿದೆ.

ಈ ವರ್ಷ ತೋಟದ ಶ್ರೀತಾಳೆ ಮರ ಹೂ ಬಿಟ್ಟಿತು. ಅದು ಆಯುಷ್ಯದಲ್ಲಿ ಒಂದೇ ಸಲ ಹೂ ಬಿಡುವ ಮರ. ಹೂವಾಗಿ, ಕಾಯಾಗಿ, ಆಮೇಲೆ ಸಾಯುತ್ತದೆ. ಭಾವ ಸಂಜೆ ಬಂದವರು ಕೈಕಾಲು ತೊಳೆಯುವ ಮೊದಲೇ ಅದರ ಸುದ್ದಿ ಶುರು ಮಾಡುತ್ತಿದ್ದರು.

"ಮರದ ನೆತ್ತಿ ಮೇಲೆ ಇನ್ನೊಂದು ಮರ ನಿಂತಂಗಿದೆ ಕಣೆ. ಬೆಳ್ಳಗೆ, ಹತ್ತಿ ಹಿಂಜಿ ಇಟ್ಟಂಗೆ! ಜನ ಆ ತಿರುವಿಗೆ ಬಂದ ತಕ್ಷಣ ಬಾಯಿ ಬಿಟ್ಕೊಂಡು ನೋಡ್ತಾರೆ."

ಆ ತಿರುವು ಇಳಿಜಾರಂತೆ, ಪಕ್ಕದಲ್ಲೇ ಕೊಳವಂತೆ. ಬ್ರೇಕಿನ ಮೇಲಿಂದ ಡ್ರೈವರ್ ಕಾಲು ತೆಗೆದರೆ ಗಾಡಿ ಸೀದಾ ನೀರಿಗೇ ಅಂತೆ. ಇದನ್ನೂ ಪ್ರತಿಸಲ ಸೇರಿಸುತ್ತಿದ್ದರು. ಅಕ್ಕ ಯಂತ್ರ ನಿಲ್ಲಿಸಿ, ಸೂಜಿಯಲ್ಲಿ ದಾರ ಹಾಗೇ ಬಿಟ್ಟು ಕೇಳುತ್ತಿದ್ದಳು. ಒಂದು ದಿನ ಹೇಳಿಯೇಬಿಟ್ಟಳು, "ನಾನೂ ನೋಡ್ಬೇಕು ರೀ."

ಅಕ್ಕ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಮುಂದಿನ ವಾರ ಅವಳ ಮಂಡಿಯ ಆಪರೇಷನ್. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ, ಊರುಗೋಲು. ಅವಳು ಏಳುವ ಹೊತ್ತಿಗೆ ಹೂವೂ ಇರುವುದಿಲ್ಲ, ಮರವೂ ಇರುವುದು ಅನುಮಾನ. ಡ್ಯೂಟಿಯಲ್ಲಿರುವ ಡ್ರೈವರ್ ಮನೆಯವರನ್ನು ತನ್ನ ಗಾಡಿಗೆ ಹತ್ತಿಸಿಕೊಳ್ಳುವ ಹಾಗಿಲ್ಲ ಎಂದು ತೋಟದ ಕಟ್ಟಪ್ಪಣೆ. ಹಾಗಾಗಿ ಭಾವನ ವಾರದ ರಜೆಗೇ ಹೊರಟೆವು. ಭಾವ, ಅಕ್ಕ, ಅವರ ಮಗಳು, ನಾನು, ಊಟದ ಡಬ್ಬಿ, ಟೀ ಫ್ಲಾಸ್ಕು.

ಗೇಟಿನಲ್ಲೇ ಗ್ರಹಚಾರ ಕಾದಿತ್ತು. ಆ ದಿನ ಓಡುತ್ತಿದ್ದದ್ದು ಒಂದೇ ಗಾಡಿ, ಅದರಲ್ಲಿ ಕೂತಿದ್ದವನು ಹಾರ್ನಪ್ಪ. ಇರುವೆ ಅಡ್ಡ ಬಂದರೂ ಹಾರ್ನ್ ಹೊಡೆಯುತ್ತಾನೆಂದು ತೋಟದವರು ಇಟ್ಟ ಹೆಸರು. ಹಿಂದಿನ ವರ್ಷ ಹೊಸ ಗಾಡಿ ಬಂದಾಗ ಹಿರಿಯರಾದ ಭಾವನನ್ನು ಬಿಟ್ಟು ಅದನ್ನು ಅವನಿಗೆ ಕೊಟ್ಟಿದ್ದರು. ಅಂದಿನಿಂದ ಭಾವ ಅವನ ಜೊತೆ ಮಾತು ಬಿಟ್ಟಿದ್ದರು.

"ಬನ್ನಿ ಅತ್ತಿಗೆ, ಹತ್ಕೊಳ್ಳಿ" ಎಂದು ಹಾರ್ನಪ್ಪ ಹಲ್ಲು ಕಿರಿದ.

"ಬೇಡ, ನಡ್ಕೊಂಡೇ ಹೋಗ್ತೀವಿ" ಎಂದು ಭಾವ ಅವನಿಗಲ್ಲ, ಗೇಟಿಗೆ ಹೇಳಿದರು. "ಇಲ್ಲೇ, ಎರಡು ನಿಮಿಷ."

ಭಾವ ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಬಿದಿರು ಎರಡು ನಿಮಿಷ, ಅಲ್ಲಿಂದ ಕೊಳ ಎರಡು ನಿಮಿಷ, ಕೊಳದಿಂದ ಮರ ಇನ್ನೆರಡು ನಿಮಿಷ. ಆ ತೋಟದಲ್ಲಿ ಅವರು ಒಂದು ದಿನವೂ ನಡೆದವರಲ್ಲ. ಗೇಟಿನಿಂದ ಸೀಟಿಗೆ, ಸೀಟಿನಿಂದ ಗೇಟಿಗೆ. ಅವರ ತಲೆಯಲ್ಲಿದ್ದ ನಿಮಿಷಗಳೆಲ್ಲ ಚಕ್ರದ ನಿಮಿಷಗಳು, ಅದು ಅವರಿಗೂ ಹೊಳೆದಿರಲಿಲ್ಲ.

ನಡೆದೆವು, ನಡೆದೆವು. ಬಿಸಿಲು ನೆತ್ತಿಗೇರಿತು. ಬಿದಿರು ಬರಲೇ ಇಲ್ಲ. "ಅಪ್ಪಾ, ನಿನ್ನ ಎರಡು ನಿಮಿಷ ಎಷ್ಟು ಉದ್ದ?" ಎಂದು ಮಗಳು ಕೇಳಿದಳು. ಭಾವ ಗಂಟಲು ಸರಿಮಾಡಿಕೊಂಡು, ಒಳದಾರಿಯಲ್ಲಿ ಹೋದರೆ ಹತ್ತಿರ ಎಂದು ಕಾಲುದಾರಿಗೆ ಇಳಿಸಿದರು. ಅದು ನಮ್ಮನ್ನು ಒಯ್ದು ನಿಲ್ಲಿಸಿದ್ದು ಒಣ ಎಲೆ ಕೊಳೆಹಾಕುವ ಗುಂಡಿಯ ಮುಂದೆ. ಅಲ್ಲಿ ಮೂಗು ಮುಚ್ಚಿಕೊಂಡು ನಿಂತು, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದೆವು. ದಾರಿಯುದ್ದಕ್ಕೂ ಹಿಂದಿನಿಂದ ಹಾರ್ನಪ್ಪನ ಗಾಡಿ ಪೀಂಪೀಂ ಎನ್ನುತ್ತಾ ನಮ್ಮನ್ನು ದಾಟಿ ಹೋಗುತ್ತಿತ್ತು, ಸುತ್ತು ಹಾಕಿ ಮತ್ತೆ ಬರುತ್ತಿತ್ತು. ಪ್ರತಿಸಲವೂ ಭಾವ ಯಾವುದೋ ಗಿಡದ ಹೆಸರಿನ ಫಲಕವನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಕೊನೆಗೂ ಬಿದಿರಿನ ಮೆಳೆ ಬಂದಾಗ ಅಕ್ಕ ಕಲ್ಲುಬೆಂಚಿನ ಮೇಲೆ ಕುಸಿದಳು. ಸೀರೆಯನ್ನು ಒಂದಿಷ್ಟು ಸರಿಸಿ ನೋಡಿದೆ, ಮಂಡಿ ಊದಿಕೊಂಡಿತ್ತು. ಟೀ ಕೊಟ್ಟರೆ ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

"ನೀವು ಹೋಗಿ ನೋಡ್ಕೊಂಡು ಬನ್ನಿ. ಆಮೇಲೆ ನಂಗೆ ಹೇಳಿದ್ರೆ ಸಾಕು" ಎಂದಳು. ಬೇಸರದಿಂದ ಹೇಳಿದ್ದಲ್ಲ, ನಿಜಕ್ಕೂ ಸಾಕೆಂದೇ ಹೇಳಿದ್ದು. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

"ಭಾವ, ನಿಮ್ಮ ಮೂಗಿನ ಮೇಲಿನ ಸಿಟ್ಟು ದೊಡ್ಡದಾ, ಅಕ್ಕನ ಮಂಡಿ ದೊಡ್ಡದಾ? ಇವತ್ತೇ ಹೇಳ್ಬಿಡಿ."

ಭಾವ ಅಕ್ಕನ ಮಂಡಿಯನ್ನು ನೋಡಿದರು, ಖಾಲಿ ರಸ್ತೆಯನ್ನು ನೋಡಿದರು. ದೂರದಲ್ಲಿ ಪೀಂ ಎಂದಿತು. ಭಾವ ಎದ್ದು ರಸ್ತೆಯ ನಡುವೆ ಹೋಗಿ ನಿಂತು, ಎಲ್ಲ ಪ್ಯಾಸೆಂಜರುಗಳ ಹಾಗೆ ಕೈ ಎತ್ತಿದರು.

ಹಾರ್ನಪ್ಪ ಗಾಡಿ ನಿಲ್ಲಿಸಿದ. ಅವನು ಕೊಂಕು ನುಡಿಯುತ್ತಾನೆಂದು ಕಾದೆ, ನುಡಿಯಲಿಲ್ಲ. "ಹಿಂದಿನ ಸೀಟು ಖಾಲಿ ಇದೆ ಅಣ್ಣ" ಎಂದಷ್ಟೇ ಹೇಳಿ, ಅಕ್ಕನ ಕೈ ಹಿಡಿದು ಹತ್ತಿಸಿದ.

ಆ ಸೀಟು ಹಿಮ್ಮುಖದ್ದು, ತಲೆಯ ಮೇಲೆ ಚಾವಣಿ ಇರಲಿಲ್ಲ. ಭಾವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ತಿರುವು ಬಂದಾಗಲೆಲ್ಲ ಬರಿಯ ನೆಲದ ಮೇಲೆ ಬ್ರೇಕ್ ಒತ್ತುತ್ತಿದ್ದರು. ಇಳಿಜಾರು ಬಂತು. ಮೈಕಿನಲ್ಲಿ ಹಾರ್ನಪ್ಪ "ಎಡಗಡೆ ಮೇಲಕ್ಕೆ ನೋಡಿ" ಎಂದ. ಗಾಡಿಯಲ್ಲಿದ್ದವರೆಲ್ಲ ಮೇಲೆ ನೋಡಿದರು. ನಮ್ಮ ಭಾವ ತಮ್ಮ ಎಡಕ್ಕೆ ತಿರುಗಿ ಕೊಳವನ್ನು ನೋಡುತ್ತಾ ಕೂತರು. ಹಿಮ್ಮುಖವಾಗಿ ಕೂತವರಿಗೆ ಎಡ ಬಲವಾಗಿರುತ್ತದೆಂಬುದು ಅವರ ತಲೆಗೆ ಬರಲಿಲ್ಲ.

ಅಕ್ಕ ಅವರ ಗದ್ದ ಹಿಡಿದು ತಿರುಗಿಸಿದಳು. "ಈ ಕಡೆ ರೀ."

ಭಾವ ತಲೆ ಎತ್ತಿದರು. ಎತ್ತಿದ ತಲೆ ಇಳಿಯಲಿಲ್ಲ.

"ಬೆಳ್ಳಗೆ ಅಂದಿದ್ರಲ್ಲ" ಎಂದಳು ಅಕ್ಕ, ಮರದಿಂದ ಕಣ್ಣು ಕೀಳದೆ. "ಇದು ಕೆನೆ ಬಣ್ಣ. ಹಾಲು ಕಾಯಿಸಿ ಆರಿಸಿದ್ಮೇಲೆ ಕಟ್ಟುತ್ತಲ್ಲ, ಆ ಬಣ್ಣ."

"ನಾನು ನೋಡೇ ಇರ್ಲಿಲ್ಲ ಕಣೆ" ಎಂದರು ಭಾವ. ದನಿ ಸಣ್ಣದಾಗಿತ್ತು. "ಡ್ರೈವರ್ ಸೀಟಿಂದ ಬುಡ ಮಾತ್ರ ಕಾಣ್ಸುತ್ತೆ. ಮೇಲೆ ನೋಡಿದ್ರೆ ಗಾಡಿ ಚಾವಣಿ. ಇಳಿಯೋಣ ಅಂದ್ರೆ ಬ್ರೇಕು. ಬೆಳ್ಳಗಿದೆ ಅಂತ ಯಾರೋ ಹಿಂದಿನ ಸೀಟಲ್ಲಿ ಅಂದ್ರು, ಅದನ್ನೇ ನಿಂಗೆ ಹೇಳ್ದೆ."

ಇಷ್ಟು ದಿನ ಊರಿಗೆಲ್ಲ ತೋರಿಸಿದ ಮನುಷ್ಯ! ನನಗೆ ಅವರ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ಬೈದದ್ದಕ್ಕೆ ನಾಚಿಕೆಯಾಗಲಿಲ್ಲ, ಅದು ಬೇರೆ ಮಾತು. ಅಕ್ಕ ಅವರ ಕೈ ಹಿಡಿದುಕೊಂಡಳು. ಇಬ್ಬರೂ ಕಣ್ತುಂಬ ನೋಡಿದರು. ಗಾಡಿ ನಿಧಾನವಾಗಿ ಇಳಿಯತೊಡಗಿತ್ತು.

"ನಿಲ್ಸೋ!" ಎಂದರು ಭಾವ ಇದ್ದಕ್ಕಿದ್ದಂತೆ. ಅವನೊಂದಿಗೆ ಒಂದು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

ಹಾರ್ನಪ್ಪ ಗಾಬರಿಯಾಗಿ ಬ್ರೇಕ್ ಒತ್ತಿ ಹಿಡಿದ. ಭಾವ ಇಳಿದು ಮುಂದೆ ಹೋದರು.

"ನೀನು ನೋಡಿದ್ದೀಯೇನೋ ಇದನ್ನ?"

"ಎಲ್ಲಣ್ಣ, ಇಲ್ಲಿ ಕಾಲು ತೆಗೆಯೋ ಹಾಗಿದ್ಯಾ?"

"ಸರ್ಕೋ. ಬ್ರೇಕು ನಾನು ಹಿಡಿತೀನಿ. ಹಿಂದೆ ಹೋಗಿ ನಿಂತು ನೋಡ್ಕೊಂಡು ಬಾ."

ಹಾರ್ನಪ್ಪನ ಕಾಲಿನ ಪಕ್ಕ ತಮ್ಮ ಕಾಲು ತೂರಿಸಿ, ಬ್ರೇಕನ್ನು ಗಟ್ಟಿಯಾಗಿ ಒತ್ತಿಕೊಂಡು ಭಾವ ಕೂತರು. ಹಾರ್ನಪ್ಪ ನಮ್ಮ ಸೀಟಿನ ಹತ್ತಿರ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಆ ಹೊಸ ಗಾಡಿಯ ಸೀಟಿನಲ್ಲಿ ಕೂತ ಭಾವನಿಗೆ ಅಭ್ಯಾಸಬಲ, ಕೈ ತಾನಾಗಿ ಮೈಕಿಗೆ ಹೋಯಿತು.

"ಎಡಗಡೆ ಮೇಲಕ್ಕೆ ನೋಡಿ. ಶ್ರೀತಾಳೆ. ಒಂದೇ ಸಲ ಬಿಡುವ ಹೂವು..." ಎಂದು ತಡೆದರು.

"ಕೆನೆ ಬಣ್ಣ ರೀ" ಎಂದು ಅಕ್ಕ ಹಿಂದಿನಿಂದ ಕೂಗಿದಳು.

"ಕೆನೆ ಬಣ್ಣ" ಎಂದರು ಭಾವ.