ಚಂಪಾಳ ಕೈ ಎಟುಕುವ ಎತ್ತರ

ಮರಿಯಪ್ಪನವರಿಗೆ ಬಾಗಿಲುಗಳ ಹುಚ್ಚು. ಊಟಕ್ಕೆ ಕರೆದವರ ಮನೆಗೆ ಹೋದರೂ ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿ, ಕೀಲು ಯಾವ ಕಡೆ ಸವೆದಿದೆ ನೋಡಿ, ಆಮೇಲೆ ಮನೆಯವರ ಯೋಗಕ್ಷೇಮ ವಿಚಾರಿಸುವವರ ಪೈಕಿ. ತುಮಕೂರಿನಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೆಲಸ ಕಲಿತು, ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಎಂಬ ಊರಿನ ಪಕ್ಕದ ವಿಶ್ವವಿದ್ಯಾಲಯದಲ್ಲಿ ಓದಿ, ಅದೇ ಊರಿನ ಸಣ್ಣದೊಂದು ಕಾರು ವಿನ್ಯಾಸದ ಕಂಪನಿಯಲ್ಲಿ ಹನ್ನೆರಡು ವರ್ಷದಿಂದ ಕೀಲು, ಚಿಲಕ, ಹಿಡಿಕೆಗಳನ್ನೇ ನೋಡಿಕೊಂಡಿದ್ದರು.

ಆಗಲೇ ಅವರ ಕೈಗೆ ಬಂದದ್ದು ಜೀವಮಾನದ ಬಾಗಿಲು. ಸಂಸಾರಸ್ಥರು ಓಡಿಸುವ ಏಳು ಸೀಟಿನ ಕಾರು. ಅದರ ಹಿಂದಿನ ಬಾಗಿಲುಗಳು ಪಕ್ಕಕ್ಕೆ ತೆರೆಯದೆ ಮೇಲಕ್ಕೆ ಏಳಬೇಕು. ರೇಸು ಕಾರಿನವರ ಷೋಕಿ ಮಕ್ಕಳೊಂದಿಗರಿಗೇಕೆ ಎಂದು ನಕ್ಕವರೇ ಹೆಚ್ಚು. ಮರಿಯಪ್ಪನವರು ನಗಲಿಲ್ಲ. ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕಿನಲ್ಲಿ ಪಕ್ಕದವನು ಅಂಟಿಕೊಂಡು ನಿಲ್ಲಿಸಿ ಹೋದಾಗ, ಅರ್ಧ ತೆರೆದ ಬಾಗಿಲಿನ ಸಂದಿಯಿಂದ ಮಗುವನ್ನು ಈಚೆಗೆ ಎಳೆಯಲು ತಾಯಂದಿರು ಪಡುವ ಪಾಡನ್ನು ಅವರು ಕಣ್ಣಾರೆ ಕಂಡಿದ್ದರು. ಮೇಲೇಳುವ ಬಾಗಿಲಿಗೆ ಪಕ್ಕದಲ್ಲಿ ಒಂದು ಗೇಣು ಜಾಗವಿದ್ದರೆ ಸಾಕು. ಮಳೆ ಬಂದರೆ ತಲೆಯ ಮೇಲೆ ಅದೇ ಸೂರು. ತಗ್ಗು ಗ್ಯಾರೇಜಿನಲ್ಲಿ ಮಾಡಿಗೆ ತಾಗದಿರಲೆಂದು ಬಾಗಿಲು ನಡುವೆ ಮಡಚುವಂತೆ ಮಾಡಿದರು. ಅದರ ಮೇಲೆ ನಿಂತ ನೀರು ಕತ್ತಿನೊಳಗೆ ಸುರಿಯದಂತೆ ಅಂಚಿಗೆ ಕಾಲುವೆ ಕೊರೆಸಿದರು. ಎರಡೂವರೆ ವರ್ಷ ಹೀಗೆ ಹೋಯಿತು.

ಉಳಿದದ್ದು ಒಂದೇ ಪ್ರಶ್ನೆ. ಮೇಲೆ ಹೋದ ಬಾಗಿಲನ್ನು ಕೆಳಗೆ ಎಳೆಯುವುದು ಹೇಗೆ? ಮೋಟಾರು ಹಾಕಿದರೆ ಕಾರು ದುಬಾರಿಯಾಗುತ್ತದೆಂದು ಕಂಪನಿ ಬೇಡವೆಂದಿತ್ತು. ಕೈಯಿಂದಲೇ ಎಳೆಯಬೇಕು, ಹಿಡಿಕೆ ಗಿಡ್ಡಗಿರುವವರಿಗೂ ಸಿಗಬೇಕು. ಅದಕ್ಕೆ ಮರಿಯಪ್ಪನವರ ಬಳಿ ಸ್ವಂತದ್ದೊಂದು ಅಳತೆಗೋಲಿತ್ತು: ಹೆಂಡತಿ ಚಂಪಾ, ನಾಲ್ಕಡಿ ಹತ್ತಂಗುಲ. ಮದುವೆಯಾದ ಹೊಸತರಲ್ಲಿ ಅಡುಗೆಮನೆಗೆ ಕಪಾಟು ಹೊಡೆಯುವಾಗ ಆಕೆಯನ್ನು ಗೋಡೆಗೆ ನಿಲ್ಲಿಸಿ, ಕೈ ಎತ್ತಿಸಿ, ಬೆರಳ ತುದಿ ಮುಟ್ಟಿದ ಎತ್ತರದ ಅಂಕಿ ಬರೆದುಕೊಂಡಿದ್ದರು. ಆಮೇಲೆ ಎಷ್ಟೋ ಹಿಡಿಕೆಗಳು ಅದೇ ಅಂಕಿಯ ಮೇಲೆ ಕೂತವು. ಇನ್ನೊಮ್ಮೆ ಅಳೆಯಬೇಕೆಂದು ಅವರಿಗೆ ಯಾವತ್ತೂ ಅನ್ನಿಸಲಿಲ್ಲ.

2003ರ ಮಾರ್ಚಿನಲ್ಲಿ, ಬಾಗಿಲು ಇರಬೇಕೋ ಬೇಡವೋ ಎಂದು ತೀರ್ಮಾನವಾಗುವ ಮಂಗಳವಾರಕ್ಕೆ ಮೂರು ದಿನ ಮುಂಚೆ, ಅವರು ಚಂಪಾಳನ್ನೂ ಐದು ವರ್ಷದ ಮಗಳು ಶ್ರಾವ್ಯಳನ್ನೂ ವರ್ಕ್‌ಶಾಪಿಗೆ ಕರೆದೊಯ್ದರು. ಕಂಪನಿಯ ಮುಖ್ಯಸ್ಥನೂ ಬಂದಿದ್ದ. ಬಾಗಿಲು ಉಸಿರೆತ್ತದೆ ಮೇಲೆದ್ದಿತು. ಚಂಪಾ ಬಗ್ಗದೆ, ತಲೆ ಚಚ್ಚಿಕೊಳ್ಳದೆ ಮಗಳನ್ನು ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದಳು. ಮುಖ್ಯಸ್ಥ ತಲೆದೂಗಿದ.

“ಈಗ ಮುಚ್ಚು,” ಎಂದರು ಮರಿಯಪ್ಪ.

ಆಕೆ ಎಡಗೈಯಿಂದ ಎಳೆದಳು. ಬಾಗಿಲು ಕಾಲುಭಾಗ ಇಳಿದು ಮತ್ತೆ ಮೇಲೆ ಹೋಯಿತು.

“ಬಲಗೈ ಹಾಕು ಚಂಪಾ.”

ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಇನ್ನೊಂದಿಷ್ಟು ಎತ್ತಲು ಹೋದವಳ ಮುಖ ಬಿಳಚಿಕೊಂಡಿತು. “ಸಾರಿ, ಐ ಆಮ್ ಟೂ ಶಾರ್ಟ್,” ಎಂದು ಮುಖ್ಯಸ್ಥನತ್ತ ನಕ್ಕಳು. ಅದು ಸುಳ್ಳೆಂದು ಅಲ್ಲಿ ಗೊತ್ತಿದ್ದದ್ದು ಮರಿಯಪ್ಪನವರಿಗೊಬ್ಬರಿಗೇ. ಹಿಡಿಕೆಯನ್ನು ಆಕೆಯ ಎತ್ತಿದ ಕೈಯ ಬೆರಳ ತುದಿಗಿಂತ ನಾಲ್ಕಂಗುಲ ಕೆಳಗೇ ಕೂರಿಸಿದ್ದರು.

ಮನೆಗೆ ಬರುವ ದಾರಿಯಲ್ಲಿ ಕೇಳಿದರು. “ಎಷ್ಟು ದಿನದಿಂದ ಹೀಗೆ?”

“ಎಂಟು ತಿಂಗಳಾಯ್ತು. GP ಡಾಕ್ಟರಿಗೆ ತೋರಿಸಿದೆ. ಭುಜ ಬಿಗಿದುಕೊಂಡಿದೆ, ಸರಿಹೋಗೋಕೆ ಒಂದೆರಡು ವರ್ಷ ಹಿಡಿಯತ್ತೆ, ನಲವತ್ತು ದಾಟಿದ ಹೆಂಗಸರಿಗೆ ಬರೋದೇ ಅಂದ್ರು.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆ ಕಣ್ರೀ. ನೀವು ಹ್ಞೂಂ ಅಂದ್ರಿ.”

ಮರಿಯಪ್ಪನವರಿಗೆ ನೆನಪಿರಲಿಲ್ಲ. ನೆನಪಾದದ್ದು ಬೇರೆ. ಮೇಲಿನ ಕಪಾಟಿನ ಬೇಳೆ ಡಬ್ಬಿಗಳೆಲ್ಲ ಕಳೆದ ವರ್ಷವೇ ಕಟ್ಟೆಯ ಮೇಲಕ್ಕೆ ಇಳಿದಿದ್ದವು. ಎಷ್ಟು ಅನುಕೂಲವಾಗಿ ಜೋಡಿಸಿದ್ದೀಯ ಎಂದು ತಾವೇ ಹೊಗಳಿದ್ದರು! ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

“ಮಂಗಳವಾರ ನನ್ನ ಸುದ್ದಿ ಎತ್ತಬೇಡಿ,” ಎಂದಳು ಚಂಪಾ. “ನನ್ನ ಕೈ ಇವತ್ತಲ್ಲ ನಾಳೆ ಸರಿಹೋಗತ್ತೆ. ನಿಮ್ಮ ಬಾಗಿಲು ಹೋದ್ರೆ ಹೋಯ್ತು.”

ಮುಖ್ಯಸ್ಥನ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ. ಸೋಮವಾರ ಮರಿಯಪ್ಪನವರನ್ನು ಪಕ್ಕಕ್ಕೆ ಕರೆದು, ಆಫೀಸಿನ ಬೇರೆ ಯಾವ ಹೆಂಗಸಿನಿಂದಾದರೂ ಮುಚ್ಚಿಸಿ ವರದಿ ಬರೆದುಬಿಡಿ ಎಂದ. ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮರಿಯಪ್ಪನವರು ಸಂಜೆಯವರೆಗೆ ಕಾಗದದ ಮುಂದೆ ಕೂತಿದ್ದರು. ಈ ಕಾರನ್ನು ಕೊಳ್ಳುವ ಮನೆಗಳಲ್ಲಿ ಭುಜ ನೋಯುವ ಹೆಂಗಸರು ಎಷ್ಟು ಜನ, ಹ್ಞೂಂ ಎನ್ನುವ ಗಂಡಸರು ಎಷ್ಟು ಜನ ಎಂದು ಯೋಚಿಸಿದರು. ಮಂಗಳವಾರ ಸಭೆಯಲ್ಲಿ ಎದ್ದು ನಿಂತು, ಬಾಗಿಲು ತೆರೆಯುವುದರಲ್ಲಿ ಗೆದ್ದಿದೆ, ಮುಚ್ಚುವುದರಲ್ಲಿ ಸೋತಿದೆ ಎಂದರು; ಚಂಪಾಳ ಭುಜದ ಸಂಗತಿಯನ್ನೂ ಹೇಳಿದರು. ಒಬ್ಬ ಹೆಂಗಸಿನ ಭುಜಕ್ಕೋಸ್ಕರವೇ ಎಂದು ಯಾರೋ ಕೇಳಿದರು. ನಮ್ಮ ಮನೆಯಲ್ಲಿ ದಿನಾ ಕಾರಿನ ಬಾಗಿಲು ಮುಚ್ಚುವವಳು ಅವಳೇ ಎಂದು ಹೇಳಿ ಕೂತರು. ಅರ್ಧ ಗಂಟೆಯಲ್ಲಿ ಪಕ್ಕಕ್ಕೆ ಜರುಗುವ ಬಾಗಿಲು ತೀರ್ಮಾನವಾಯಿತು. ಎರಡೂವರೆ ವರ್ಷ ನೀರುಪಾಲು. ಮರಿಯಪ್ಪನವರು ತಮ್ಮ ಕಾರಿನಲ್ಲಿ ಕೂತು ಎಷ್ಟೋ ಹೊತ್ತು ಎಂಜಿನ್ ಶುರು ಮಾಡಲಿಲ್ಲ. ದುಃಖವಾಗಿತ್ತು, ಇಲ್ಲವೆನ್ನುವುದು ಯಾಕೆ.

ಮನೆಗೆ ಬಂದಾಗ ಚಂಪಾ ಆಗಷ್ಟೇ ಮಗಳನ್ನು ಸ್ಕೂಲಿಂದ ಕರೆತಂದು, ಕೋಟಿನಲ್ಲೇ ನಿಂತಿದ್ದಳು. “ಏನಾಯ್ತ್ರೀ?”

“ಜಾರೋ ಬಾಗಿಲು ಹಾಕ್ತಾರಂತೆ.”

“ಹೇಳಬೇಡಿ ಅಂದಿದ್ನಲ್ಲ!” ಆಕೆಗೆ ನಿಜಕ್ಕೂ ಸಿಟ್ಟು ಬಂತು. ಕಣ್ಣೂ ತುಂಬಿತು. ಬೆನ್ನು ತಿರುಗಿಸಿ ಕೋಟು ಬಿಚ್ಚಲು ಒದ್ದಾಡತೊಡಗಿದಳು.

ಮರಿಯಪ್ಪನವರು ಹಿಂದಿನಿಂದ ಬಂದು ಬಲತೋಳು ಹಿಡಿದು ಎಳೆದರು.

“ಅಯ್ಯೋ, ಆ ಕೈ ಅಲ್ಲ. ಮೊದಲು ಎಡಗೈ ಬಿಡಿಸ್ಬೇಕು. ಆಮೇಲೆ ಕೋಟು ಈ ಕಡೆಯಿಂದ ತಾನೇ ಇಳಿಯತ್ತೆ, ಕೈ ಎತ್ತೋದೇ ಬೇಕಾಗಲ್ಲ.”

ಎಂಟು ತಿಂಗಳಲ್ಲಿ ಆಕೆ ಒಬ್ಬಳೇ ಕಂಡುಕೊಂಡ ವಿದ್ಯೆ. ಮರಿಯಪ್ಪನವರು ಬಲತೋಳು ಬಿಟ್ಟು ಎಡಕ್ಕೆ ಬಂದು ನಿಂತರು.

“ನಿಧಾನಕ್ಕೆ ಹೇಳು,” ಎಂದರು. “ನನಗೆ ಗೊತ್ತಿಲ್ಲ.”